ಕೊರೊನಾ ಬಂದಾಗ ನಿಮ್ಮ ಮನೆಯ ಲೆಕ್ಕದಲ್ಲಿ ಮೊದಲು ನಿಂತಿದ್ದು ಏನು? ಇನ್ನೂ ವಾಪಸ್ ಬರದೇ ಇರೋದು ಏನು?

ಹಳೇ ಖಾತೆ (ಚರ್ಚೆ ಶುರು ಮಾಡಿದವರು)

ಮೊನ್ನೆ ಕಪಾಟು ಸ್ವಚ್ಛ ಮಾಡುವಾಗ 2020ರ ಖರ್ಚಿನ ಪುಸ್ತಕ ಸಿಕ್ಕಿತು. ಸಂಸಾರ ಶುರುವಾದಾಗಿನಿಂದ ಮನೆ ಖರ್ಚು ಬರೆದಿಡುವ ಅಭ್ಯಾಸ ನನಗೆ. ಜನವರಿ, ಫೆಬ್ರವರಿ ಪುಟಗಳಲ್ಲಿ ಜಾಗವೇ ಇಲ್ಲ. ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಇದು ಜಗತ್ತಿಗೇ ಹಬ್ಬಿದ ಸೋಂಕು ಅಂತ ಘೋಷಿಸಿತಲ್ವಾ, ಆ ದಿನ ನಾನು ಬರೆದಿರೋದು ಮಗಳ ಡ್ಯಾನ್ಸ್ ಕ್ಲಾಸ್ ಫೀಸು ಮತ್ತು ಹೊಸ ಪರದೆ ಬಟ್ಟೆ. ನಮಗೆ ಯಾವ ಸುಳಿವೂ ಇರಲಿಲ್ಲ.

ಏಪ್ರಿಲ್‌ನಲ್ಲಿ ಸಾಲುಗಳು ಕಡಿಮೆ ಆಗುತ್ತವೆ. ಮೇ 17ರ ನಂತರ ಪುಸ್ತಕ ಪೂರ್ತಿ ಖಾಲಿ. ಖರ್ಚೇ ಇರಲಿಲ್ಲ ಅಂತಲ್ಲ. ಬರೆದರೆ ಕೂಡಬೇಕು, ಕೂಡಿದರೆ ಗೊತ್ತಾಗಿಬಿಡುತ್ತೆ. ಅದಕ್ಕೇ ನಿಲ್ಲಿಸಿದೆ.

ನಮ್ಮವರು ಪ್ರಯಾಣದ ಟಿಕೆಟ್ ಬುಕಿಂಗ್ ಮಾಡುವ ಕಂಪನಿಯಲ್ಲಿದ್ದರು. ನಾನು ಸಮ್ಮೇಳನ, ಸಮಾರಂಭಗಳನ್ನು ಏರ್ಪಾಡು ಮಾಡುವ ಕಡೆ. ಇಬ್ಬರೂ ದುಡಿಯುತ್ತೇವೆ, ಒಬ್ಬರದ್ದು ಹೋದರೂ ಇನ್ನೊಬ್ಬರದ್ದು ಇರುತ್ತೆ ಅನ್ನೋ ಧೈರ್ಯ. ಎರಡು ಕೊಡ ಇದ್ದವು, ಆದರೆ ಸೇದುತ್ತಿದ್ದದ್ದು ಒಂದೇ ಬಾವಿಯಿಂದ ಅಂತ ಹೊಳೆದಿರಲಿಲ್ಲ. 2020ರಲ್ಲಿ ಪ್ರಪಂಚದಲ್ಲಿ ಒಂದು ದೇಶದಿಂದ ಇನ್ನೊಂದಕ್ಕೆ ಹೋಗುವ ಪ್ರವಾಸಿಗರ ಸಂಖ್ಯೆ ಹಿಂದಿನ ವರ್ಷಕ್ಕಿಂತ ಸುಮಾರು ಮುಕ್ಕಾಲು ಪಾಲು ಇಳಿಯಿತು. ಅವರ ಸಂಬಳ ಏಪ್ರಿಲ್‌ನಲ್ಲಿ ಅರ್ಧ ಆಯಿತು, ನನ್ನದು ಜೂನ್‌ನಲ್ಲಿ ಪೂರ್ತಿ ನಿಂತಿತು.

ನಮ್ಮ ಮನೆಯಲ್ಲಿ ಮೊದಲು ನಿಂತಿದ್ದು ಆ ಡ್ಯಾನ್ಸ್ ಕ್ಲಾಸು. ಈಗ ದುಡ್ಡಿದೆ. ಮಗಳಿಗೆ ಈಗ ಡ್ಯಾನ್ಸ್ ಬೇಡವಂತೆ.

ನಿಮ್ಮ ಮನೆಯಲ್ಲಿ?

ಮೂರನೇ ಪಾಳಿ

ನಮ್ಮಲ್ಲಿ ಮೊದಲು ನಿಂತಿದ್ದು ವಿಮೆ ಕಂತು. ದಡ್ಡತನ ಅಂತ ಈಗ ಗೊತ್ತಾಗುತ್ತೆ. ಆಗ ಅನ್ನಿಸಿದ್ದು ಇಷ್ಟೇ, ಕಟ್ಟದಿದ್ದರೆ ಯಾರೂ ಮನೆ ಬಾಗಿಲಿಗೆ ಬರಲ್ಲ. ಕರೆಂಟ್ ಬಿಲ್ ಕಟ್ಟದಿದ್ದರೆ ದೀಪ ಆರುತ್ತೆ. ಬಾಡಿಗೆ ಕೊಡದಿದ್ದರೆ ಮಾಲೀಕರು ಫೋನ್ ಮಾಡುತ್ತಾರೆ. ವಿಮೆ ಸುಮ್ನೆ ಸತ್ತುಹೋಗುತ್ತೆ, ಸದ್ದೇ ಇಲ್ಲ.

ಪಾಲಿಸಿ ರದ್ದಾಯಿತು. ಎರಡು ವರ್ಷ ಬಿಟ್ಟು ಹೊಸದು ಮಾಡಿಸಲು ಹೋದೆ. ಅಷ್ಟರಲ್ಲಿ ಸಕ್ಕರೆ ಕಾಯಿಲೆ ಬಂದಿತ್ತು, ವಯಸ್ಸೂ ಏರಿತ್ತು. ಹಳೇ ಪಾಲಿಸಿಯ ಎರಡು ಪಟ್ಟು ಹೇಳಿದರು. ಇನ್ನೂ ಮಾಡಿಸಿಲ್ಲ. ಅಕ್ಕ, ನಿಮ್ಮ ಪ್ರಶ್ನೆಗೆ ನನ್ನ ಎರಡೂ ಉತ್ತರ ಒಂದೇ.

ಲೆಕ್ಕದ ಮೇಷ್ಟ್ರು

ಹಳೇ ಖಾತೆಯವರು ಸಂಬಳ ಅರ್ಧ ಆಯಿತು ಅಂದರಲ್ಲ, ಅದು ಮನೆಯೊಳಗೆ ಬಂದಾಗ ಅರ್ಧ ಆಗಿರಲ್ಲ. ಬೇರೆ ಥರ ಆಗುತ್ತೆ. ನೂರು ಸಂಬಳ ಅಂತ ಇಟ್ಟುಕೊಳ್ಳಿ. ಬಾಡಿಗೆ ಅಥವಾ ಸಾಲದ ಕಂತು, ಶಾಲೆ ಫೀಸು, ವಿಮೆ, ಅಪ್ಪ ಅಮ್ಮನ ಔಷಧ ಸೇರಿ 60 ಹೋಗುತ್ತೆ ಅನ್ನಿ. ಉಳಿಯೋದು 40. ಈಗ ಕಂಪನಿ ಶೇ. 30 ಕಡಿತ ಮಾಡಿತು. ಬರೋದು 70. ಆದರೆ ಆ 60 ಒಂದು ಪೈಸೆಯೂ ಇಳಿಯಲ್ಲ. ಕೈಯಲ್ಲಿ ಉಳಿಯೋದು 10.

ಅಂದರೆ ಕಂಪನಿಯ ಪತ್ರದಲ್ಲಿ ಶೇ. 30 ಕಡಿತ, ನಿಮ್ಮ ಅಡುಗೆಮನೆಯಲ್ಲಿ ಶೇ. 75. ಪತ್ರ ಬರೆದವರಿಗೆ ಇದು ಕಾಣಲ್ಲ. ಮನೆ ನಡೆಸುವವರಿಗೆ ಇದೊಂದೇ ಕಾಣುತ್ತೆ. ಗಂಡ "ಮೂವತ್ತು ಪರ್ಸೆಂಟ್ ತಾನೇ" ಅಂದ, ಹೆಂಡತಿ "ಹೇಗೆ ನಡೆಸೋದು" ಅಂದಳು, ಅದಕ್ಕೆ ಜಗಳ ಆಯಿತು ಅಂತ ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ. ಇಬ್ಬರ ಲೆಕ್ಕವೂ ಸರಿಯೇ ಇತ್ತು.

ಹಳೇ ಖಾತೆ

ಮೇಷ್ಟ್ರೇ, ಆ ಜಗಳ ನಮ್ಮನೆಯದ್ದೇ. ಗೋಡೆಗೆ ಕಿವಿ ಇಟ್ಟು ಕೇಳಿದ ಹಾಗಿದೆ.

ತಡರಾತ್ರಿ

ನಾನು ಬೇರೆ ಥರದವನು, ಬೈಯಬೇಡಿ. ನನಗೆ ಆ ವರ್ಷ ದುಡ್ಡು ಉಳಿಯಿತು. ಮನೆಯಿಂದಲೇ ಕೆಲಸ, ಪೂರ್ತಿ ಸಂಬಳ. ಓಡಾಟದ ಖರ್ಚಿಲ್ಲ, ಪ್ರವಾಸ ಇಲ್ಲ, ಹೊರಗೆ ತಿನ್ನೋದಿಲ್ಲ. ನನ್ನಂಥವರು ಬೇಕಾದಷ್ಟಿದ್ದರು. ಅಮೆರಿಕದಲ್ಲಿ ಏಪ್ರಿಲ್ 2020ರಲ್ಲಿ ಜನರ ಕೈಗೆ ಬಂದ ಆದಾಯದಲ್ಲಿ ಶೇ. 30ಕ್ಕಿಂತ ಜಾಸ್ತಿ ಉಳಿತಾಯವಾಯಿತು. ಮಾಮೂಲಿ ದಿನಗಳಲ್ಲಿ ಅದು ಶೇ. 10 ಮುಟ್ಟೋದೂ ಕಷ್ಟ. ಅದೇ ತಿಂಗಳು ಅದೇ ದೇಶದಲ್ಲಿ ಎರಡು ಕೋಟಿ ಕೆಲಸ ಹೋದವು, ನಿರುದ್ಯೋಗ ಶೇ. 14 ದಾಟಿತು. ಎರಡೂ ಒಟ್ಟಿಗೆ ಆಗಿದ್ದು.

ಇನ್ನೊಂದು ಹೇಳುತ್ತೇನೆ. ಬೇಜಾರಿಗೆ ಷೇರು ಪೇಟೆಗೆ ಇಳಿದೆ. ಅಮೆರಿಕದ ದೊಡ್ಡ ಕಂಪನಿಗಳ ಷೇರು ಬೆಲೆ ತೋರಿಸುವ ಎಸ್‌ ಆಂಡ್ ಪಿ 500 ಸೂಚ್ಯಂಕ ಫೆಬ್ರವರಿ 19ರಿಂದ ಮಾರ್ಚ್ 23ರೊಳಗೆ ಮೂರರಲ್ಲಿ ಒಂದು ಪಾಲು ಬಿದ್ದಿತ್ತು. ಆಗಸ್ಟ್‌ಗೆ ಹಳೇ ಎತ್ತರ ದಾಟಿತು. ನನ್ನದೇನೂ ಜಾಣತನ ಇಲ್ಲ. ಕೈಯಲ್ಲಿ ಹಣ ಇತ್ತು, ಆ ಹಣಕ್ಕೆ ಬೇರೆ ತುರ್ತು ಇರಲಿಲ್ಲ, ಅಷ್ಟೇ. ನನ್ನ ಅಣ್ಣ ಅದೇ ಏಪ್ರಿಲ್‌ನಲ್ಲಿ ತನ್ನ ಮ್ಯೂಚುವಲ್ ಫಂಡ್ ಮಾರಿ ಮನೆ ನಡೆಸಿದ. ಅವನು ಮಾರಿದ, ನಾನು ಕೊಂಡೆ. ಒಂದೇ ಮನೆಯಲ್ಲಿ ಬೆಳೆದವರು.

ಮೂರನೇ ಪಾಳಿ

ಬೈಯಲ್ಲ ಬಿಡಿ. ಆದರೆ ಅಣ್ಣನಿಗೆ ಇದನ್ನು ಹೇಳಿದ್ದೀರಾ?

ತಡರಾತ್ರಿ

ಇಲ್ಲ.

ಸೂಜಿ ದಾರ

ಎಲ್ಲರೂ ಕೆಲಸ ಹೋಯಿತು, ಸಂಬಳ ಕಡಿತ ಆಯಿತು ಅಂತಿದ್ದೀರಿ. ನನ್ನನ್ನು ಯಾರೂ ಕೆಲಸದಿಂದ ತೆಗೆಯಲಿಲ್ಲ. ತೆಗೆಯಲು ಮೇಲೆ ಯಾರೂ ಇರಲಿಲ್ಲ. ನಂದು ಬಟ್ಟೆ ಹೊಲಿಯುವ ಅಂಗಡಿ, ಎರಡು ಮಿಷಿನ್. ಬಾಗಿಲು ಹಾಕಿದ ದಿನದಿಂದ ಆದಾಯ ಸೊನ್ನೆ. ಯಾವ ಪಟ್ಟಿಯಲ್ಲೂ ನಾನು "ಕೆಲಸ ಕಳೆದುಕೊಂಡವನು" ಅಲ್ಲ.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ, ಐಎಲ್‌ಒ, ಇದನ್ನು ಸರಿಯಾಗಿ ಹಿಡಿದಿತ್ತು. ಎಷ್ಟು ಜನರ ಕೆಲಸ ಹೋಯಿತು ಅಂತ ಎಣಿಸಿದರೆ ಸಾಲದು, ಎಷ್ಟು ಗಂಟೆಗಳ ದುಡಿಮೆ ಹೋಯಿತು ನೋಡಿ ಅಂತ. 2020ರಲ್ಲಿ ಜಗತ್ತಿನ ದುಡಿಮೆಯ ಗಂಟೆಗಳಲ್ಲಿ ಶೇ. 8.8 ನಷ್ಟ, ಅಂದರೆ 25.5 ಕೋಟಿ ಪೂರ್ಣಾವಧಿ ಕೆಲಸಗಳಿಗೆ ಸಮ. 2009ರ ಆರ್ಥಿಕ ಕುಸಿತದಲ್ಲಿ ಆದದ್ದಕ್ಕಿಂತ ಸುಮಾರು ನಾಲ್ಕು ಪಟ್ಟು. ಆದರೆ ನಿಜವಾಗಿ "ಕೆಲಸ ಹೋಯಿತು" ಅಂತ ಲೆಕ್ಕಕ್ಕೆ ಬಂದದ್ದು 11.4 ಕೋಟಿ. ಉಳಿದದ್ದು ನನ್ನಂಥವರು. ಕೆಲಸ ಇದೆ, ಗಿರಾಕಿ ಇಲ್ಲ. ಅಥವಾ ಕೆಲಸ ಇದೆ, ಗಂಟೆ ಕಮ್ಮಿ.

ಅಂಗಡಿ ಬಾಗಿಲು ಹಾಕಿದಾಗ ಒಳಗೆ ಹನ್ನೊಂದು ಜೊತೆ ಬಟ್ಟೆ ರೆಡಿ ಇತ್ತು. ಸಮಾರಂಭಕ್ಕೆ ಅಂತ ಹೊಲಿಸಿದ್ದು. ಸಮಾರಂಭವೇ ಆಗಲಿಲ್ಲ, ಬಟ್ಟೆ ತಗೊಂಡು ಹೋಗಲು ಯಾರೂ ಬರಲಿಲ್ಲ. ಬಟ್ಟೆ ಅವರದ್ದು, ಕೂಲಿ ನಂದು. ಮಾರೋ ಹಾಗಿಲ್ಲ, ಬಿಚ್ಚೋ ಹಾಗಿಲ್ಲ. ವರ್ಷ ಕಳೆದ ಮೇಲೆ ಒಬ್ಬರು ಬಂದು ಹಾಕಿ ನೋಡಿದರು. ಟೈಟ್ ಆಗಿತ್ತು. ಬಿಡಿಸಿಕೊಡಿ ಅಂದರು. ಅದಕ್ಕೆ ಬೇರೆ ಕೂಲಿ ಕೇಳಲು ನಾಲಿಗೆ ಬರಲಿಲ್ಲ.

ಹಳೇ ಖಾತೆ

ಆ ಹನ್ನೊಂದರಲ್ಲಿ ಎಷ್ಟು ಹೋದವು?

ಸೂಜಿ ದಾರ

ಎಂಟು. ಮೂರು ಇನ್ನೂ ಇವೆ. ಒಂದರ ಚೀಟಿ ಮೇಲಿನ ನಂಬರಿಗೆ ಫೋನ್ ಮಾಡಲು ಭಯ. ಯಾಕೆ ಅಂತ ನಿಮಗೆ ಗೊತ್ತು.

ನಿರ್ವಾಹಕರು

ಲಸಿಕೆ, ಔಷಧದ ವಾದ ಮಾಡಿದ ನಾಲ್ಕು ಪ್ರತಿಕ್ರಿಯೆಗಳನ್ನು ತೆಗೆದಿದ್ದೇವೆ. ಅದಕ್ಕೆ ಬೇರೆ ಚರ್ಚೆ ಇದೆ. ಇಲ್ಲಿ ದುಡ್ಡು, ಕೆಲಸ ಮಾತ್ರ.

ಈಗ ಎಚ್‌ಆರ್ ಅಲ್ಲ

ತಡರಾತ್ರಿಯವರೇ ಬೈಯಬೇಡಿ ಅಂದರೆ ನಾನೇನು ಹೇಳಲಿ. ಯಾರನ್ನು ಕೆಲಸದಿಂದ ತೆಗೆಯಬೇಕು ಅನ್ನೋ ಪಟ್ಟಿಗಳನ್ನು ಮಾಡಿದವನು ನಾನು.

ಕೆಲಸದ ಭದ್ರತೆ ಅಂದರೆ ಚೆನ್ನಾಗಿ ದುಡಿದವರಿಗೆ ಸಿಗೋದು ಅಂತ ನಾನೂ ನಂಬಿದ್ದೆ. ನಮ್ಮ ಎಕ್ಸೆಲ್ ಶೀಟಿನಲ್ಲಿ "ಕೆಲಸ ಹೇಗೆ ಮಾಡುತ್ತಾರೆ" ಅನ್ನೋದು ಮೂರನೇ ಕಾಲಂ. ಮೊದಲನೆಯದು, ಇವರನ್ನು ಕಳಿಸಿದರೆ ನಾವು ಎಷ್ಟು ಕೊಡಬೇಕಾಗುತ್ತೆ. ಎರಡನೆಯದು, ಇವರ ಕೆಲಸವನ್ನು ಉಳಿದವರಲ್ಲಿ ಯಾರ ತಲೆಗೆ ಕಟ್ಟಬಹುದು. ಗುತ್ತಿಗೆಯವರು ಎಲ್ಲರಿಗಿಂತ ಮೊದಲು ಹೋದರು. ಅವರಿಗೆ ಪತ್ರ ಕೂಡ ಬೇಕಿರಲಿಲ್ಲ, ಏಜೆನ್ಸಿಗೆ ಒಂದು ಮೇಲ್ ಸಾಕಾಯಿತು. ಆಮೇಲೆ ಪ್ರೊಬೇಷನ್‌ನಲ್ಲಿ ಇದ್ದವರು. ಆಮೇಲೆ ಮಧ್ಯ ವಯಸ್ಸಿನವರು, ಸಂಬಳ ಜಾಸ್ತಿ ಇದ್ದವರು, ಆದರೆ ಮೇಲಿನವರ ಜೊತೆ ಸಲಿಗೆ ಇಲ್ಲದವರು.

ಒಂದು ವೀಡಿಯೊ ಕಾಲ್ ನೆನಪಿದೆ. ಎದುರಿಗಿದ್ದವರು ತೊಡೆ ಮೇಲೆ ಮಗುವನ್ನು ಕೂರಿಸಿಕೊಂಡಿದ್ದರು. ನಾನು ಬರೆದಿಟ್ಟುಕೊಂಡಿದ್ದನ್ನೆಲ್ಲ ಓದಿ ಮುಗಿಸಿದೆ. ಅವರು ನಗುತ್ತಾ, "ಸರ್, ಮ್ಯೂಟ್‌ನಲ್ಲಿದ್ದೀರಿ" ಅಂದರು. ಮತ್ತೆ ಮೊದಲಿಂದ ಹೇಳಬೇಕಾಯಿತು.

ನವೆಂಬರ್‌ನಲ್ಲಿ ನನ್ನ ಹೆಸರೇ ಪಟ್ಟಿಗೆ ಬಂತು. ಕಳಿಸಬೇಕಾದವರನ್ನೆಲ್ಲ ಕಳಿಸಿಯಾಗಿತ್ತು, ಕಳಿಸುವವರು ಅಷ್ಟು ಜನ ಯಾಕೆ ಅಂತ.

ಈಗ ಯಾರಾದರೂ ಹೊಸ ಕೆಲಸದ ಬಗ್ಗೆ ಸಲಹೆ ಕೇಳಿದರೆ ಒಂದೇ ಹೇಳುತ್ತೇನೆ. ಕಂಪನಿ ಎಷ್ಟು ದೊಡ್ಡದು ಅಂತ ನೋಡಬೇಡಿ. ನಾಳೆಯಿಂದ ಮಾರಾಟ ನಿಂತರೆ ಎಷ್ಟು ತಿಂಗಳು ಸಂಬಳ ಕೊಡುವಷ್ಟು ನಗದು ಇಟ್ಟಿದೆ ನೋಡಿ. ಇನ್ನೊಂದು, ಸಂಬಳ ಕಡಿತದ ಪತ್ರಕ್ಕೆ ಸಹಿ ಹಾಕುವ ಮುಂಚೆ ಅದು "ತಾತ್ಕಾಲಿಕ" ಅಂತ ಬರೆದಿದೆಯಾ, ಯಾವ ತಾರೀಖಿನವರೆಗೆ ಅಂತ ಇದೆಯಾ ನೋಡಿ. ನಾವು ಎಷ್ಟೋ ಜನರಿಗೆ ಮೊದಲು ಸಂಬಳ ಇಳಿಸಿದೆವು, ನಾಲ್ಕು ತಿಂಗಳು ಬಿಟ್ಟು ಕೆಲಸದಿಂದ ತೆಗೆದೆವು. ಕೊಡಬೇಕಾದ ಹಣವನ್ನೆಲ್ಲ ಇಳಿಸಿದ ಸಂಬಳದ ಮೇಲೆ ಲೆಕ್ಕ ಹಾಕಿದೆವು. ಹಾಗೆ ಮಾಡಿ ಅಂತ ಮೇಲಿನಿಂದ ಯಾರೂ ಬರೆದು ಹೇಳಲಿಲ್ಲ. ಹಾಗೆಯೇ ಆಗಿಹೋಯಿತು.

ನಾಲ್ಕನೇ ಬೆಂಚು

ನನಗೆ ಕೆಲಸ ಹೋಗಲಿಲ್ಲ, ಬರಲೇ ಇಲ್ಲ. 2020ರಲ್ಲಿ ಡಿಗ್ರಿ ಮುಗಿಯಿತು. ಆಫರ್ ಲೆಟರ್ ಕೈಯಲ್ಲಿತ್ತು. ಜುಲೈಗೆ ಸೇರಬೇಕಿತ್ತು. ಜುಲೈ ಅಕ್ಟೋಬರ್ ಆಯಿತು, ಅಕ್ಟೋಬರ್ "ತಿಳಿಸುತ್ತೇವೆ" ಆಯಿತು. ಕೊನೆಗೆ ತಿಳಿಸಲೂ ಇಲ್ಲ.

ಐಎಲ್‌ಒ ಲೆಕ್ಕದಲ್ಲೇ 2020ರಲ್ಲಿ 15ರಿಂದ 24 ವಯಸ್ಸಿನವರ ಉದ್ಯೋಗ ಶೇ. 8.7 ಕುಸಿಯಿತು. ದೊಡ್ಡವರದ್ದು ಶೇ. 3.7. ಮನೆಯಲ್ಲಿ ಅಪ್ಪ ಇದನ್ನು ನಂಬಲಿಲ್ಲ. "ಮನಸ್ಸಿದ್ದರೆ ಎಲ್ಲಾದರೂ ಸಿಗುತ್ತೆ" ಅಂತ ದಿನಾ ಒಂದು ಸಲ.

2023ರಲ್ಲಿ ಒಂದು ಇಂಟರ್‌ವ್ಯೂ. ನನಗಿಂತ ಎರಡು ಮೂರು ವರ್ಷ ದೊಡ್ಡವರು ಇರಬೇಕು, ರೆಸ್ಯೂಮೆ ನೋಡಿ ಕೇಳಿದರು, "2020ರಿಂದ 21ರವರೆಗೆ ಏನು ಮಾಡುತ್ತಿದ್ದಿರಿ?" ನನಗೆ ನಗು ತಡೆಯಲು ಆಗಲಿಲ್ಲ. "ನೀವೇನು ಮಾಡುತ್ತಿದ್ದಿರಿ ಸರ್?" ಅಂದೆ. ಕೆಲಸ ಸಿಗಲಿಲ್ಲ. ಆದರೂ ಚೆನ್ನಾಗಿತ್ತು.

ಈಗ ಎಚ್‌ಆರ್ ಅಲ್ಲ

ನನಗೆ ಆ ಉತ್ತರ ಬಂದಿದ್ದರೆ ತಗೋತಿದ್ದೆ ತಮ್ಮಾ.

ಒಂದೇ ಲ್ಯಾಪ್‌ಟಾಪ್

ನಮ್ಮ ಮನೆಯ ಕಥೆ ನನ್ನ ಹೆಸರಿನಲ್ಲೇ ಇದೆ. ಗಂಡ, ನಾನು, ಇಬ್ಬರು ಮಕ್ಕಳು. ಅವರಿಗೆ ಆಫೀಸಿನ ಲ್ಯಾಪ್‌ಟಾಪ್ ಇತ್ತು, ಅದನ್ನು ಬೇರೆಯವರು ಮುಟ್ಟುವ ಹಾಗಿಲ್ಲ. ನನ್ನದು ಮತ್ತು ಮಕ್ಕಳದ್ದು ಸೇರಿ ಒಂದು. ಫ್ರಿಜ್ ಮೇಲೆ ವೇಳಾಪಟ್ಟಿ ಅಂಟಿಸಿದ್ದೆ. ಒಂಬತ್ತರಿಂದ ಹನ್ನೊಂದು ದೊಡ್ಡವಳ ಕ್ಲಾಸು, ಹನ್ನೊಂದೂವರೆಯಿಂದ ಒಂದು ಚಿಕ್ಕವನದ್ದು, ಎರಡರಿಂದ ನನ್ನ ಕೆಲಸ. ನನ್ನ ಮ್ಯಾನೇಜರ್ ಹತ್ತು ಗಂಟೆಗೆ ಮೀಟಿಂಗ್ ಇಡುತ್ತಿದ್ದರು. ಫೋನಿನಲ್ಲಿ ಸೇರುತ್ತಿದ್ದೆ, ಕುಕ್ಕರ್ ಕೂಗುತ್ತಿತ್ತು. "ಮೇಡಂ, ಸ್ವಲ್ಪ ಶಾಂತ ಜಾಗಕ್ಕೆ ಹೋಗ್ತೀರಾ" ಅಂದರು ಒಮ್ಮೆ. ಯಾವ ಜಾಗ?

ಸೆಪ್ಟೆಂಬರ್‌ನಲ್ಲಿ ಕೂತು ಮಾತಾಡಿದೆವು. ಜಗಳ ಇಲ್ಲ, ಅಳು ಇಲ್ಲ. ಅವರ ಸಂಬಳ ಜಾಸ್ತಿ, ನನ್ನದು ಕಮ್ಮಿ. ಯಾರು ಬಿಡಬೇಕು ಅನ್ನೋದಕ್ಕೆ ಒಂದು ನಿಮಿಷವೂ ಬೇಕಾಗಲಿಲ್ಲ. ಲೆಕ್ಕ ಸರಿಯಾಗಿಯೇ ಇತ್ತು, ಅದಕ್ಕೇ ಇವತ್ತಿಗೂ ಸಿಟ್ಟು ಬರುತ್ತೆ. ನನ್ನ ಸಂಬಳ ಕಮ್ಮಿ ಇದ್ದದ್ದೇ ಮೊದಲ ಹೆರಿಗೆಯ ನಂತರ ಎರಡು ವರ್ಷ ಬಿಟ್ಟಿದ್ದಕ್ಕೆ. ಹಳೇ ಬಿಡುವು ಹೊಸ ಬಿಡುವಿಗೆ ಕಾರಣ ಆಯಿತು.

ಯುನೆಸ್ಕೊ ಪ್ರಕಾರ ಶಾಲೆ ಮುಚ್ಚಿದ್ದರಿಂದ ಜಗತ್ತಿನಲ್ಲಿ 150 ಕೋಟಿಗೂ ಹೆಚ್ಚು ಮಕ್ಕಳು ಮನೆಯಲ್ಲಿದ್ದರು. ಅವರನ್ನು ನೋಡಿಕೊಂಡವರು ಯಾರು ಅಂತ ಕೇಳಿದರೆ ಉತ್ತರ ಗೊತ್ತೇ ಇದೆ. ಆ ವರ್ಷ ಹೆಂಗಸರ ಉದ್ಯೋಗ ಶೇ. 5 ಇಳಿಯಿತು, ಗಂಡಸರದ್ದು ಶೇ. 3.9. ಅಂತರ ಸಣ್ಣದು ಅನ್ನಿಸುತ್ತೆ. ಆದರೆ ಬಹಳ ಹೆಂಗಸರು ನನ್ನ ಹಾಗೆ ಕೆಲಸ ಹುಡುಕೋದನ್ನೇ ಬಿಟ್ಟವರು, ನಿರುದ್ಯೋಗಿಗಳ ಲೆಕ್ಕಕ್ಕೂ ಬರಲ್ಲ.

ಇನ್ನೂ ವಾಪಸ್ ಬರದಿರೋದು ನಾನೇ.

ಹಳೇ ಖಾತೆ

ಇದನ್ನು ಮೂರು ಸಲ ಓದಿದೆ.

ಕಂತುಗಾರ

ನಂದು ಗೃಹಸಾಲ. 2020ರಲ್ಲಿ ಬಹಳ ದೇಶಗಳಲ್ಲಿ ಬ್ಯಾಂಕುಗಳು ಕಂತು ಮುಂದೂಡಲು ಬಿಟ್ಟವು. ಭಾರತದಲ್ಲಿ ರಿಸರ್ವ್ ಬ್ಯಾಂಕ್ ಮಾರ್ಚ್ 27ರಂದು ಮೂರು ತಿಂಗಳ ಮೊರಟೋರಿಯಂ ಅಂದಿತು, ಆಮೇಲೆ ಆಗಸ್ಟ್ 31ರವರೆಗೆ ಎಳೆಯಿತು. ಒಟ್ಟು ಆರು ತಿಂಗಳು. ಕಂತು ಕಟ್ಟಬೇಡಿ ಅಂದರೆ ನಮಗೆ ಮನ್ನಾ ಅಂತಲೇ ಕೇಳಿಸಿತು. ಬಡ್ಡಿ ಮಾತ್ರ ಬೆಳೆಯುತ್ತಲೇ ಇತ್ತು. ನನಗೆ ಇದು ಗೊತ್ತಾದದ್ದು ಎಷ್ಟೋ ದಿನ ಕಳೆದ ಮೇಲೆ ಸ್ಟೇಟ್‌ಮೆಂಟ್ ನೋಡಿದಾಗ. ಆರು ಕಂತು ಬಿಟ್ಟಿದ್ದಕ್ಕೆ ಸಾಲದ ಕೊನೆ ದಿನ ವರ್ಷಗಟ್ಟಲೆ ದೂರ ಹೋಗಿತ್ತು. ಬ್ಯಾಂಕಿನವರು ಮೋಸ ಮಾಡಿದರು ಅಂತಲೇ ನನ್ನ ಅಭಿಪ್ರಾಯ.

ಲೆಕ್ಕದ ಮೇಷ್ಟ್ರು

ಮೋಸ ಅಲ್ಲ, ಆದರೆ ನಿಮ್ಮ ಸಿಟ್ಟು ಅರ್ಥ ಆಗುತ್ತೆ. ಲೆಕ್ಕ ಹಾಕೋಣ ಬನ್ನಿ.

ಸಾಲ ನೂರು, ಬಡ್ಡಿ ವರ್ಷಕ್ಕೆ ಶೇ. 9, ಅವಧಿ 20 ವರ್ಷ, ಅಂದರೆ 240 ಕಂತು. ತಿಂಗಳ ಕಂತು ಹತ್ತಿರ ಹತ್ತಿರ 90 ಪೈಸೆ ಬರುತ್ತೆ. ಮೊದಲ ತಿಂಗಳ ಬಡ್ಡಿಯೇ 75 ಪೈಸೆ. ಅಸಲಿಗೆ ಹೋಗೋದು ಬರೀ 15 ಪೈಸೆ. ಈಗ ಹೊಸ ಸಾಲಗಾರ ಆರು ತಿಂಗಳು ಕಟ್ಟಲಿಲ್ಲ ಅನ್ನಿ. ನೂರು ಇದ್ದದ್ದು 104.59 ಆಯಿತು. ಆ ನಾಲ್ಕೂವರೆ ಚಿಲ್ಲರೆಯನ್ನು ತಿಂಗಳಿಗೆ 15 ಪೈಸೆ ಅಸಲು ತೀರಿಸುವ ಕಂತಿನಿಂದ ಇಳಿಸಬೇಕು. ಕಂತು ಅಷ್ಟೇ ಇಟ್ಟರೆ 240ರ ಬದಲು 275 ಕಂತು ಕಟ್ಟಬೇಕಾಗುತ್ತೆ. ಬಿಟ್ಟಿದ್ದು 6, ಹೆಚ್ಚಿಗೆ ಬಿದ್ದದ್ದು 35.

ಅದೇ ಸಾಲ ಮುಗಿಯುತ್ತಾ ಬಂದು ಇನ್ನು 24 ಕಂತು ಮಾತ್ರ ಬಾಕಿ ಇದ್ದವರು ಆರು ತಿಂಗಳು ಬಿಟ್ಟರೆ? ಹೆಚ್ಚಿಗೆ ಬೀಳೋದು ಒಂದು ಕಂತು ಮತ್ತು ಸ್ವಲ್ಪ. ಒಂದೇ ಸೌಲಭ್ಯ, ಒಬ್ಬರಿಗೆ ಕೊಡೆ, ಇನ್ನೊಬ್ಬರಿಗೆ ಬಂಡೆ. ಹೊಸದಾಗಿ ಮನೆ ಕೊಂಡ ಸಣ್ಣ ವಯಸ್ಸಿನವರಿಗೇ ಜಾಸ್ತಿ ಹೊಡೆತ ಬಿದ್ದದ್ದು ಇದಕ್ಕೆ.

ಇನ್ನೊಂದು ತಮಾಷೆ. "ಬಡ್ಡಿ ಮೇಲೆ ಬಡ್ಡಿ ಬೇಡ" ಅಂತ ದೊಡ್ಡ ಗಲಾಟೆ ಆಯಿತು. ಸರ್ಕಾರ 2 ಕೋಟಿವರೆಗಿನ ಸಾಲಕ್ಕೆ ಅದನ್ನು ವಾಪಸ್ ಕೊಟ್ಟಿತು, ಮಾರ್ಚ್ 2021ರಲ್ಲಿ ಸುಪ್ರೀಂ ಕೋರ್ಟ್ ಯಾರ ಸಾಲಕ್ಕೂ ಬಡ್ಡಿ ಮೇಲೆ ಬಡ್ಡಿ ಹಾಕಬಾರದು ಅಂದಿತು. ಒಳ್ಳೆಯದೇ. ಆದರೆ ಮೇಲಿನ ಲೆಕ್ಕದಲ್ಲಿ 4.59ರ ಪೈಕಿ ಬಡ್ಡಿ ಮೇಲಿನ ಬಡ್ಡಿ ಎಷ್ಟು ಗೊತ್ತಾ? 0.09. ಉಳಿದ 4.50 ಸಾದಾ ಬಡ್ಡಿ, ಅದು ಹಾಗೇ ಇತ್ತು.

ಕಂತುಗಾರ

ಇದನ್ನು ಆಗಲೇ ಯಾರಾದರೂ ಹೇಳಬೇಕಿತ್ತು.

ಸೂಜಿ ದಾರ

ಮೇಷ್ಟ್ರೇ, ಲೆಕ್ಕ ಸರಿ. ಆದರೆ ಆದಾಯ ಸೊನ್ನೆ ಇದ್ದವನಿಗೆ ಶೇ. 9ರ ಬಡ್ಡಿಗೆ ಬೇರೆ ಯಾರು ಕೊಡುತ್ತಿದ್ದರು? ಕ್ರೆಡಿಟ್ ಕಾರ್ಡ್ ಬಾಕಿ ಇಟ್ಟರೆ ಅದರ ಮೂರು ನಾಲ್ಕು ಪಟ್ಟು. ಕೈಸಾಲದ ಬಡ್ಡಿ ಹೇಳೋದೇ ಬೇಡ. ಕಂತು ಬಿಟ್ಟದ್ದು ತಪ್ಪಲ್ಲ. ಸಂಬಳ ಪೂರ್ತಿ ಬರುತ್ತಿದ್ದವರು ಸಹ "ಸುಮ್ನೆ ಸಿಗುತ್ತಲ್ಲ" ಅಂತ ಬಿಟ್ಟರಲ್ಲ, ತಪ್ಪು ಅದು.

ಲೆಕ್ಕದ ಮೇಷ್ಟ್ರು

ಒಪ್ಪಿದೆ. ನಾನು ಅದನ್ನು ಮೊದಲೇ ಹೇಳಬೇಕಿತ್ತು.

ದೂರದ ಡ್ಯೂಟಿ

ಬೇರೆ ದೇಶದಲ್ಲಿ ದುಡಿದು ಮನೆಗೆ ಹಣ ಕಳಿಸುವವನು ನಾನು. ಏಪ್ರಿಲ್ 2020ರಲ್ಲಿ ವಿಶ್ವ ಬ್ಯಾಂಕ್ ಒಂದು ಅಂದಾಜು ಕೊಟ್ಟಿತ್ತು, ನಮ್ಮಂಥವರು ಮನೆಗೆ ಕಳಿಸುವ ಹಣ ಆ ವರ್ಷ ಶೇ. 20ರಷ್ಟು ಬೀಳುತ್ತೆ ಅಂತ. ಕೊನೆಗೆ ಬಡ ಮತ್ತು ಮಧ್ಯಮ ಆದಾಯದ ದೇಶಗಳಿಗೆ ಹೋದ ಹಣ ಇಳಿದದ್ದು ಶೇ. 1.6 ಮಾತ್ರ. ಹೇಗೆ ಅಂತ ದೊಡ್ಡವರು ಏನೇನೋ ಕಾರಣ ಹೇಳಿದರು. ನನ್ನ ರೂಮಿನ ಕಾರಣ ಹೇಳುತ್ತೇನೆ. ನಾಲ್ವರು ಇದ್ದ ರೂಮಿಗೆ ಏಳು ಜನ ಆದೆವು. ಕಳಿಸೋದು ನಿಲ್ಲಿಸಲಿಲ್ಲ, ಇಲ್ಲಿ ಬದುಕೋದನ್ನು ಚಿಕ್ಕದು ಮಾಡಿಕೊಂಡೆವು. ಮನೆಯಲ್ಲಿ ಇವತ್ತಿಗೂ ಗೊತ್ತಿಲ್ಲ. ವೀಡಿಯೊ ಕಾಲ್ ಮಾಡುವಾಗ ಎಲ್ಲರೂ ಮಂಚದಿಂದ ಇಳಿದು ಆಚೆ ನಿಲ್ಲುತ್ತಿದ್ದರು. ಹಿಂದೆ ಖಾಲಿ ಗೋಡೆ ಕಾಣಬೇಕಲ್ಲ.

ತಡರಾತ್ರಿ

ಇಷ್ಟೆಲ್ಲ ಓದಿ ಒಂದು ಪ್ರಶ್ನೆ ಬಂತು. ಯಾವ ದೇಶ ಸರಿಯಾಗಿ ಮಾಡಿತು? ಬ್ರಿಟನ್ ಫರ್ಲೋ ಅಂತ ಮಾಡಿತು. ಮನೆಯಲ್ಲಿರಿ, ಸಂಬಳದ ಶೇ. 80 ಸರ್ಕಾರ ಕೊಡುತ್ತೆ, ತಿಂಗಳಿಗೆ 2,500 ಪೌಂಡ್ ಮಿತಿ. ಸೆಪ್ಟೆಂಬರ್ 2021ರವರೆಗೆ ನಡೆಯಿತು, 1.17 ಕೋಟಿ ಕೆಲಸಗಳು ಅದರಡಿ ಬಂದವು. ಜರ್ಮನಿಯಲ್ಲಿ ಕುರ್ಟ್ಸ್‌ಆರ್ಬೈಟ್ ಅನ್ನೋ ಹಳೇ ವ್ಯವಸ್ಥೆಯೇ ಇತ್ತು, ಗಂಟೆ ಕಡಿಮೆ ಮಾಡಿ, ಹೋದ ಸಂಬಳದ ಒಂದು ಪಾಲನ್ನು ಸರ್ಕಾರ ತುಂಬುತ್ತೆ. ಅಮೆರಿಕ ಉಲ್ಟಾ, ಕೆಲಸ ಹೋದರೆ ಹೋಗಲಿ, ನಿರುದ್ಯೋಗ ಭತ್ಯೆಯ ಮೇಲೆ ವಾರಕ್ಕೆ 600 ಡಾಲರ್ ಜಾಸ್ತಿ ಕೊಟ್ಟಿತು, ಜುಲೈ 2020ರ ಕೊನೆಯವರೆಗೆ.

ಈಗ ಎಚ್‌ಆರ್ ಅಲ್ಲ

ಹಣದ ದೃಷ್ಟಿಯಿಂದ ಅಮೆರಿಕದವರಿಗೆ ಕೈಗೆ ಚೆನ್ನಾಗಿಯೇ ಬಂತು. ಕಡಿಮೆ ಸಂಬಳದವರಲ್ಲಿ ಎಷ್ಟೋ ಜನರಿಗೆ ಭತ್ಯೆಯೇ ಹಳೇ ಸಂಬಳಕ್ಕಿಂತ ಜಾಸ್ತಿ. ಆದರೆ ಅಲ್ಲಿ ಕೆಲಸದ ಜೊತೆ ಆರೋಗ್ಯ ವಿಮೆಯೂ ಹೋಗುತ್ತೆ. ಸೋಂಕಿನ ನಡುವೆ ವಿಮೆ ಇಲ್ಲ, ಯೋಚನೆ ಮಾಡಿ. ನಾನು ಆ ಪಟ್ಟಿ ಮಾಡಿದವನಾಗಿ ಹೇಳೋದಾದರೆ ಫರ್ಲೋ ಥರದ್ದೇ ಮೇಲು. ಅಂಥದ್ದು ಇದ್ದಿದ್ದರೆ ನಮ್ಮ ಪಟ್ಟಿಯ ಅರ್ಧ ಜನ ಉಳಿಯುತ್ತಿದ್ದರು. ನಮಗೆ ಅವರು ಬೇಡವಾಗಿರಲಿಲ್ಲ, ನಾಲ್ಕು ತಿಂಗಳು ಸಾಕಲು ಆಗಲಿಲ್ಲ. ಆಮೇಲೆ ಅವರಂಥವರನ್ನೇ ಜಾಸ್ತಿ ಸಂಬಳ ಕೊಟ್ಟು ಹುಡುಕಬೇಕಾಯಿತು.

ಸೂಜಿ ದಾರ

ಇವೆಲ್ಲ ಹೆಚ್ಚಾಗಿ ಸಂಬಳದ ಚೀಟಿ ಇದ್ದವರಿಗೆ. ಜಗತ್ತಿನ ದುಡಿಯುವವರಲ್ಲಿ 200 ಕೋಟಿ ಜನ ಯಾವ ಚೀಟಿಯೂ ಇಲ್ಲದವರು. ನನಗೆ ಇಷ್ಟ ಆದದ್ದು ಆಫ್ರಿಕಾದ ಪುಟ್ಟ ದೇಶ ಟೋಗೋ ಮಾಡಿದ್ದು. ನೊವಿಸ್ಸಿ ಅಂತ ಯೋಜನೆ, ಏಪ್ರಿಲ್ 2020. ಮತದಾರರ ಚೀಟಿಯಲ್ಲಿ ಏನು ಕೆಲಸ ಅಂತ ಬರೆದಿತ್ತು, ಅದನ್ನೇ ಹಿಡಿದುಕೊಂಡು, ಜನ ಮಾಮೂಲಿ ಫೋನಿನಿಂದ ಅರ್ಜಿ ಹಾಕಿದರೆ ಹಣ ಫೋನಿಗೇ ಬರುವ ಹಾಗೆ ಮಾಡಿದರು. ಹೆಂಗಸರಿಗೆ ಗಂಡಸರಿಗಿಂತ ಸ್ವಲ್ಪ ಜಾಸ್ತಿ. ಮೊತ್ತ ಸಣ್ಣದೇ. ಆದರೆ ಟೈಲರ್, ಬೈಕ್ ಓಡಿಸುವವನು, ಬೀದಿಯಲ್ಲಿ ಮಾರುವವಳು ಲೆಕ್ಕಕ್ಕೆ ಬಂದರು. ಲೆಕ್ಕಕ್ಕೆ ಬರೋದು ಅಂದರೆ ಏನು ಅಂತ ಬರದವರಿಗೆ ಗೊತ್ತು.

ಮೂರನೇ ಪಾಳಿ

ಯಾರೂ ಪಿಂಚಣಿ ದುಡ್ಡಿನ ಮಾತೇ ಎತ್ತಲಿಲ್ಲ. ನಾನು ನಿವೃತ್ತಿ ನಿಧಿಯಿಂದ ತೆಗೆದೆ. ತೆಗೆಯಲು ಬಿಟ್ಟರು, ಸಂತೋಷವಾಗಿಯೇ ತೆಗೆದೆ. ಆಸ್ಟ್ರೇಲಿಯಾ, ಚಿಲಿ ಎಲ್ಲ ಕಡೆ ಬಿಟ್ಟಿದ್ದರಂತೆ. ಚಿಲಿಯಲ್ಲಿ ಮೂರು ಸಲ.

ಲೆಕ್ಕದ ಮೇಷ್ಟ್ರು

ಶೇ. 8ರ ಲೆಕ್ಕದಲ್ಲಿ ಇವತ್ತು ತೆಗೆದ ಒಂದು ರೂಪಾಯಿ 25 ವರ್ಷ ಬಿಟ್ಟಿದ್ದರೆ 6.85 ಆಗುತ್ತಿತ್ತು. ಹೇಳಬಾರದಿತ್ತೇನೋ.

ಮೂರನೇ ಪಾಳಿ

ಹೇಳಬಾರದಿತ್ತು.

ಕಂತುಗಾರ

ನನಗೆ ಎರಡನೇ ಏಟು ಬಿದ್ದದ್ದು 2022ರಲ್ಲಿ. ಕೊರೊನಾ ಮುಗಿಯಿತು ಅಂತ ಎಲ್ಲರೂ ಉಸಿರು ಬಿಟ್ಟಾಗ ಬೆಲೆ ಏರಿತು. ಅಮೆರಿಕದಲ್ಲಿ ಜೂನ್ 2022ರಲ್ಲಿ ಹಣದುಬ್ಬರ ಶೇ. 9.1, ಬ್ರಿಟನ್‌ನಲ್ಲಿ ಅಕ್ಟೋಬರ್‌ಗೆ ಶೇ. 11.1. ಅದನ್ನು ಇಳಿಸಲು ಕೇಂದ್ರ ಬ್ಯಾಂಕುಗಳು ಬಡ್ಡಿ ಏರಿಸಿದವು. ಭಾರತದ ರೆಪೊ ದರ, ಅಂದರೆ ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ, ಶೇ. 4 ಇದ್ದದ್ದು ಫೆಬ್ರವರಿ 2023ಕ್ಕೆ 6.5. ನನ್ನದು ಏರಿಳಿಯುವ ಬಡ್ಡಿಯ ಸಾಲ. ಸಂಬಳ ಆಗ ತಾನೇ ಹಳೇ ಮಟ್ಟಕ್ಕೆ ಬಂದಿತ್ತು. ಬಂದದ್ದೆಲ್ಲ ಅಲ್ಲಿಗೇ ಹೋಯಿತು.

ಮೇಷ್ಟ್ರೇ, ನಂದೂ ಒಂದು ಲೆಕ್ಕ ಹಾಕಿ ಕೊಡಿ. 2020ರಲ್ಲಿ ನನ್ನದು 132 ಕಂತು ಬಾಕಿ ಇತ್ತು, ಬಡ್ಡಿ 9. ಆರೂ ತಿಂಗಳು ಬಿಟ್ಟೆ. ಮೊರಟೋರಿಯಂ ಒಂದರಿಂದಲೇ ಎಷ್ಟು ಬಿತ್ತು? ಆಮೇಲಿನ ಬಡ್ಡಿ ಏರಿಕೆ ಬಿಟ್ಟು ಹೇಳಿ.

ಲೆಕ್ಕದ ಮೇಷ್ಟ್ರು

ಹತ್ತಿರ ಹತ್ತಿರ 11 ಕಂತು ಜಾಸ್ತಿ. ನಿಮ್ಮ ಸ್ಟೇಟ್‌ಮೆಂಟಿನಲ್ಲಿ ವರ್ಷಗಟ್ಟಲೆ ಅಂತ ಕಂಡದ್ದರಲ್ಲಿ ಬಹುಪಾಲು ಬಡ್ಡಿ ಏರಿಕೆಯದ್ದೇ ಇರಬೇಕು, ಯಾವ ವರ್ಷದ ಸ್ಟೇಟ್‌ಮೆಂಟ್ ಅಂತ ಒಮ್ಮೆ ನೋಡಿ. ಅಂದಹಾಗೆ ಈ 11 ಅಂತ ಆಗಲೇ ಗೊತ್ತಿದ್ದರೆ ಬೇಡ ಅಂತಿದ್ದಿರಾ?

ಕಂತುಗಾರ

ನೋಡಿದೆ. 2023ರದ್ದು. ನೀವು ಹೇಳಿದ್ದು ಸರಿ.

ಬೇಡ ಅಂತಿರಲಿಲ್ಲ ಮೇಷ್ಟ್ರೇ. ಆ ಏಪ್ರಿಲ್‌ನಲ್ಲಿ ಅಮ್ಮ ಆಸ್ಪತ್ರೆಯಲ್ಲಿದ್ದರು. ಕಂತಿನ ದುಡ್ಡೇ ಅಲ್ಲಿಗೆ ಕಟ್ಟಿದ್ದು.